ನಿನ್ನೆಯವರೆಗೆ ಒಗ್ಗಿದ ಊಟ ಇಂದು ಒಗ್ಗದಾದಾಗ

(ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಆರೋಗ್ಯ ಮಾಹಿತಿ ಭಾಷಣ)



ಸಂಘದ ಸಭೆಗಳಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಎಂದು ಮಾತಾಡುವುದೇ ಹೆಚ್ಚು. ಆದರೆ ಲೆಕ್ಕ ಮುಗಿದು ಚಾ ಕುಡಿಯುವ ಹೊತ್ತಿಗೆ ಬೇರೆ ಮಾತು ಬರುತ್ತದೆ. "ಸಿಸ್ಟರ್, ಈಚೆಗೆ ಸಿಗಡಿ ತಿಂದ್ರೆ ಮೈಯೆಲ್ಲ ಗಂಧೆ ಏಳ್ತದೆ. ಹುಟ್ಟಿದಾಗಿಂದ ತಿಂದದ್ದು, ಐವತ್ತು ದಾಟಿದ ಮೇಲೆ ಇದೆಂಥದ್ದು?" ಇಂಥ ಪ್ರಶ್ನೆ ನಮಗೆ ಅನೇಕ ಸಲ ಬಂದಿದೆ. ಮನೆಯವರಿಗೆ ಹೇಳಿದರೆ ಒಬ್ಬರು ನಂಜು ಎನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ. "ಇಷ್ಟು ವರ್ಷ ಆಗದ್ದು ಈಗ ಹೇಗೆ ಆಗ್ತದೆ, ಎಲ್ಲಾ ನಾಟಕ" ಎನ್ನುವವರೂ ಇದ್ದಾರೆ. ಆಗ ಆ ತಾಯಿ ಏನು ಮಾಡುತ್ತಾಳೆ? ತನಗೊಬ್ಬಳಿಗೆ ಬೇರೆ ಸಾರು ಯಾಕೆ ಎಂದು ಅದನ್ನೇ ಉಂಡು, ತುರಿಸಿಕೊಂಡು ಮಲಗುತ್ತಾಳೆ. ಇಲ್ಲವೇ ಹೆದರಿ ಮೀನು, ಮೊಟ್ಟೆ, ಹಾಲು ಎಲ್ಲವನ್ನೂ ಬಿಟ್ಟು ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆಯುತ್ತಾಳೆ. ಎರಡೂ ತಪ್ಪು. ಮೊದಲನೆಯದರಲ್ಲಿ ಜೀವಕ್ಕೇ ಅಪಾಯ ಬರಬಹುದು. ಎರಡನೆಯದರಲ್ಲಿ ದೇಹ ಸೊರಗುತ್ತದೆ.

ದೊಡ್ಡವರಾದ ಮೇಲೆ ಯಾಕೆ?

ನಮ್ಮ ದೇಹದಲ್ಲಿ ರೋಗಗಳ ವಿರುದ್ಧ ಕಾವಲು ಕಾಯುವ ಒಂದು ವ್ಯವಸ್ಥೆ ಇದೆ. ಕೆಲವೊಮ್ಮೆ ಈ ಕಾವಲುಗಾರ ಮನೆಯವರನ್ನೇ ಕಳ್ಳರೆಂದು ತಿಳಿದು ಕೋಲು ಎತ್ತುತ್ತಾನೆ. ಅದೇ ಅಲರ್ಜಿ. ಇದಕ್ಕೆ ವಯಸ್ಸಿನ ಮಿತಿ ಇಲ್ಲ, ಇಪ್ಪತ್ತಕ್ಕೂ ಬರಬಹುದು, ಅರವತ್ತಕ್ಕೂ ಬರಬಹುದು. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವ ಆಹಾರದ ಅಲರ್ಜಿಗಳಲ್ಲಿ ಸಿಗಡಿ, ಏಡಿಯಂಥವುಗಳದ್ದೇ ದೊಡ್ಡ ಪಾಲು.

ಇದು ಗೊತ್ತಾದ ಕಥೆಯೂ ಸಮುದ್ರದ್ದೇ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೇ ಎಂಬ ವಿಜ್ಞಾನಿಗಳು ಸಮುದ್ರದ ಒಂದು ಜೀವಿಯ ವಿಷವನ್ನು ನಾಯಿಗಳಿಗೆ ಸ್ವಲ್ಪ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡಿದ್ದ ನಾಯಿ, ಕೆಲವು ವಾರಗಳ ನಂತರ ಇನ್ನೂ ಕಡಿಮೆ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. 1902ರಲ್ಲಿ ಅವರು ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಶೆ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮಗೆ ಇದರಿಂದ ತಿಳಿಯುವುದು ಇಷ್ಟೇ: ದೇಹ ಮೊದಲು ಆ ವಸ್ತುವಿನ ಪರಿಚಯ ಮಾಡಿಕೊಳ್ಳುತ್ತದೆ, ಸಿಟ್ಟು ಆಮೇಲೆ ಬರುತ್ತದೆ. ಹಾಗಾಗಿ "ಮೊದಲು ತಿಂದಾಗ ಏನೂ ಆಗ್ಲಿಲ್ಲ" ಎಂಬ ಮಾತು ಅಲರ್ಜಿ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ.

ಸಿಗಡಿ ಬೇರೆ, ಮೀನು ಬೇರೆ

ಸಿಗಡಿ, ಏಡಿಗಳಲ್ಲಿ ಟ್ರೋಪೋಮಯೋಸಿನ್ ಎಂಬ ಒಂದು ಪ್ರೋಟೀನ್ ಇದೆ. ಇದು ಎಷ್ಟು ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಒಣ ಸಿಗಡಿಯ ಚಟ್ನಿಯಲ್ಲೂ ಇರುತ್ತದೆ. ಮನೆಯ ಧೂಳಿನ ನುಸಿ ಮತ್ತು ಜಿರಳೆಯಲ್ಲಿಯೂ ಇದನ್ನು ಹೋಲುವ ಪ್ರೋಟೀನ್ ಇದೆ. ಆದ್ದರಿಂದ ಧೂಳಿಗೆ ಸೀನು, ಉಬ್ಬಸ ಬರುವವರಲ್ಲಿ ಕೆಲವರಿಗೆ ಸಿಗಡಿಯೂ ಆಗದೆ ಹೋಗುತ್ತದೆ. ಸಿಗಡಿ ಸುಲಿಯುವ, ಬೇಯಿಸುವ ಕೆಲಸದಲ್ಲಿ ಇರುವವರಿಗೆ ತಿನ್ನದಿದ್ದರೂ ಕೈ ತುರಿಕೆ, ಆವಿಯಿಂದ ಉಬ್ಬಸ ಬರಬಹುದು. ಕೈಗೆ ಗ್ಲೌಸ್, ಗಾಳಿ ಆಡುವ ಜಾಗ, ಇವು ಶೋಕಿಯಲ್ಲ.

ಬಂಗಡೆ, ತಾರ್ಲೆ, ಇಸ್ವಾಣದಂಥ ಮೀನುಗಳಲ್ಲಿ ಅಲರ್ಜಿ ತರುವ ಪ್ರೋಟೀನೇ ಬೇರೆ. ಸಿಗಡಿ ಆಗದವರಲ್ಲಿ ಅನೇಕರು ಮೀನನ್ನು ನಿಶ್ಚಿಂತೆಯಿಂದ ತಿನ್ನಬಹುದು. ಅಘನಾಶಿನಿ, ಶರಾವತಿ ಅಳಿವೆಗಳ ಬಳಚು ಮೂರನೇ ಗುಂಪು. ಅದು ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ. ಯಾವುದು ತಿನ್ನಬಹುದು ಎಂಬುದನ್ನು ಮನೆಯಲ್ಲಿ ಪರೀಕ್ಷೆ ಮಾಡಬೇಡಿ, ವೈದ್ಯರ ಹತ್ತಿರ ಕೇಳಿ. ಇನ್ನೊಂದು ಮಾತು: ಸಿಗಡಿ ಕರಿದ ಎಣ್ಣೆಯಲ್ಲೇ ಮೀನು ಕರಿದರೆ ಮೀನಿನ ತಪ್ಪಿಲ್ಲದೆ ಮೀನಿಗೆ ಕೆಟ್ಟ ಹೆಸರು ಬರುತ್ತದೆ.

ಎಲ್ಲಾ ತುರಿಕೆಯೂ ಅಲರ್ಜಿಯಲ್ಲ

1. ಬಂಗಡೆ, ಗೆದರೆಯಂಥ ಮೀನು ಐಸ್ ಇಲ್ಲದೆ ಬಿಸಿಲಿನಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದ ಒಂದು ತಾಸಿನೊಳಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. ನೋಡಲು ಥೇಟ್ ಅಲರ್ಜಿ. ಒಂದೇ ಮೀನು ತಿಂದ ಮೂರ್ನಾಲ್ಕು ಜನರಿಗೂ ಒಟ್ಟಿಗೆ ಆದರೆ ಇದನ್ನು ಸಂಶಯಪಡಬೇಕು. ಹುರಿದರೂ ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಬುಟ್ಟಿ ಹೊತ್ತು ಮಾರುವ ನಮ್ಮ ಸಹೋದರಿಯರು ಐಸಿಗೆ ಹಾಕುವ ದುಡ್ಡು ಗಿರಾಕಿಯ ಆರೋಗ್ಯಕ್ಕೂ, ತಮ್ಮ ಹೆಸರಿಗೂ ಹಾಕಿದ ದುಡ್ಡು.

2. ವಯಸ್ಸಾದಂತೆ ಹಲವರಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಇದು ಅಲರ್ಜಿಯಲ್ಲ. ಇವರಲ್ಲಿ ಹೆಚ್ಚಿನವರಿಗೆ ಮೊಸರು, ಮಜ್ಜಿಗೆ ಒಗ್ಗುತ್ತದೆ.

3. ಕೆಸು, ಸುವರ್ಣಗಡ್ಡೆ ತಿಂದು ಬಾಯಿ, ಗಂಟಲು ತುರಿಸುವುದು ಅದರೊಳಗಿನ ಸೂಜಿಯಂಥ ಹರಳುಗಳಿಂದ. ಸರಿಯಾಗಿ ಬೇಯದಿದ್ದರೆ ಎಲ್ಲರಿಗೂ ತುರಿಸುತ್ತದೆ.

4. ತುರಿಕೆಯಿಲ್ಲದೆ ತುಟಿ, ನಾಲಿಗೆ ಮಾತ್ರ ಬಾತರೆ ಅದು ಕೆಲವು ಬಿ.ಪಿ. ಮಾತ್ರೆಗಳ ಪರಿಣಾಮವೂ ಇರಬಹುದು. ತಡಮಾಡದೆ ಮಾತ್ರೆಯ ಚೀಟಿ ಸಮೇತ ಆಸ್ಪತ್ರೆಗೆ ಹೋಗಿ.

ಮತ್ತೊಂದು ವಿಷಯ. ಸಿಗಡಿ ತಿಂದು ಸುಮ್ಮನೆ ಕೂತಾಗ ಏನೂ ಆಗದವರಿಗೆ, ಅದೇ ಊಟದ ನಂತರ ಭಾರ ಹೊತ್ತು ನಡೆದಾಗ ಅಥವಾ ಮಂಡಿನೋವಿಗೆ ನೋವಿನ ಮಾತ್ರೆ ನುಂಗಿದಾಗ ಅಲರ್ಜಿ ಏಳಬಹುದು. "ಒಮ್ಮೆ ಆಗ್ತದೆ, ಒಮ್ಮೆ ಆಗೂದಿಲ್ಲ" ಎನ್ನುವವಳು ಸುಳ್ಳು ಹೇಳುತ್ತಿಲ್ಲ. ಏನು ತಿಂದೆ, ಎಷ್ಟು ಹೊತ್ತಿಗೆ ಶುರುವಾಯಿತು, ಆಗ ಯಾವ ಕೆಲಸ, ಯಾವ ಮಾತ್ರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬರೆಯಲು ಬಾರದಿದ್ದರೆ ಮಕ್ಕಳ ಕೈಯಲ್ಲಿ ಬರೆಸಿ. ವೈದ್ಯರಿಗೆ ದೊಡ್ಡ ಪರೀಕ್ಷೆಗಳಿಗಿಂತ ಮೊದಲು ಬೇಕಾದದ್ದು ಈ ಚೀಟಿ.

ರಕ್ತಪರೀಕ್ಷೆಯ ಮಾತು

ಸಾವಿರಗಟ್ಟಲೆ ರೂಪಾಯಿ ತೆಗೆದುಕೊಂಡು ನೂರು ಪದಾರ್ಥಗಳಿಗೆ ಪರೀಕ್ಷೆ ಮಾಡುವವರಿದ್ದಾರೆ. ಸಂಘದಲ್ಲಿ ಸಾಲ ತೆಗೆದು ಅದಕ್ಕೆ ಹೋಗುವ ಮೊದಲು ಯೋಚಿಸಿ. ಬೆಂಗಳೂರು, ಮೈಸೂರುಗಳಲ್ಲಿ 11,791 ವಯಸ್ಕರನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಶೇಕಡಾ 26.5 ಜನರ ರಕ್ತ ಯಾವುದಾದರೂ ಒಂದು ಆಹಾರಕ್ಕೆ ಅಲರ್ಜಿಯ ಗುರುತು ತೋರಿಸಿತು. ಆದರೆ ತಿಂದರೆ ನಿಜವಾಗಿ ತೊಂದರೆ ಆಗುವ ಸಂಭವ ಇದ್ದವರು ಶೇಕಡಾ 1.2 ಮಾತ್ರ. ಅಂದರೆ ರಕ್ತದಲ್ಲಿ ಗುರುತು ಬಂತೆಂದು ಒಗ್ಗುವ ಊಟವನ್ನು ಬಿಡಬೇಕಾಗಿಲ್ಲ. ನಿಮ್ಮ ಅನುಭವ ಮತ್ತು ಪರೀಕ್ಷೆ ಎರಡೂ ಹೊಂದಿದಾಗ ಮಾತ್ರ ವೈದ್ಯರು ಅಲರ್ಜಿ ಎನ್ನುತ್ತಾರೆ.

ಗಂಟಲು ಬಿಗಿದರೆ

ಬರೀ ಗಂಧೆ, ತುರಿಕೆ ಆದರೆ ವೈದ್ಯರು ಕೊಟ್ಟ ಮಾತ್ರೆ ಸಾಕಾಗಬಹುದು. ಆದರೆ ಊಟವಾದ ಸ್ವಲ್ಪ ಹೊತ್ತಿನಲ್ಲಿ ಸ್ವರ ಒಡೆದರೆ, ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಬಿದ್ದರೆ, ಅಥವಾ ಗಂಧೆಯ ಜೊತೆ ಮತ್ತೆ ಮತ್ತೆ ವಾಂತಿಯಾದರೆ ಅದು ಅನಾಫಿಲಾಕ್ಸಿಸ್. ಇದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ತುರಿಕೆಯ ಮಾತ್ರೆ ಗಂಟಲನ್ನು ಬಿಡಿಸುವುದಿಲ್ಲ.

ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದದ್ದು ನಿಮಗೆಲ್ಲ ನೆನಪಿದೆ. ಗಂಭೀರ ಎಂದೊಡನೆ ಮಣಿಪಾಲ, ಮಂಗಳೂರು ಎಂದು ಹೊರಡುವ ಅಭ್ಯಾಸ ನಮ್ಮದು. ಈ ಕಾಯಿಲೆಗೆ ಅಷ್ಟು ಹೊತ್ತಿಲ್ಲ. ಮೊದಲ ಇಂಜೆಕ್ಷನ್ ಎಲ್ಲಿ ಬೇಗ ಸಿಗುತ್ತದೋ ಅಲ್ಲಿಗೇ ಹೋಗಿ, 108ಕ್ಕೆ ಫೋನ್ ಮಾಡಿ. ಅವಳನ್ನು ನಡೆಸಬೇಡಿ. ಮಲಗಿಸಿ ಕಾಲು ಎತ್ತರ ಮಾಡಿ. ಉಸಿರಾಟ ಕಷ್ಟವಾದರೆ ಕೂರಿಸಿ. ಬಾಯಿಗೆ ನೀರು, ಕಷಾಯ ಹಾಕಬೇಡಿ. ಸುಧಾರಿಸಿದರೂ ಕೆಲವು ತಾಸು ಆಸ್ಪತ್ರೆಯಲ್ಲೇ ಇರಲಿ, ಎರಡನೇ ಸಲ ಏಳುವುದುಂಟು.

ಸಂಘ ಏನು ಮಾಡಬಹುದು?

ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡೋಣ. ಯಾವ ಸದಸ್ಯೆಗೆ ಯಾವ ಆಹಾರ, ಯಾವ ಔಷಧಿ ಆಗುವುದಿಲ್ಲ ಎಂದು ಕೇಳಿ, ಅವರು ಒಪ್ಪಿದರೆ ಸಂಘದ ಪುಸ್ತಕದಲ್ಲಿ ಬರೆಯೋಣ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇದೆಯೇ, ರಾತ್ರಿ ಯಾರಿರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಜೊತೆ ಹೋಗಿ ವಿಚಾರಿಸೋಣ. ರಾತ್ರಿ ಕರೆದರೆ ಬರುವ ರಿಕ್ಷಾದವರ ನಂಬರನ್ನು ಎಲ್ಲರ ಮನೆಯ ಗೋಡೆಗೆ ಅಂಟಿಸೋಣ.

ಮನೆಯಲ್ಲಿ ಮಾಡುವ ಕೆಲಸ ಒಂದೇ. ಅತ್ತೆ, ಸೊಸೆ, ಅಕ್ಕ, ಯಾರೇ ಆಗಲಿ "ನನಗಿದು ಆಗೂದಿಲ್ಲ" ಎಂದರೆ ನಂಬಿ. ಸಿಗಡಿ ಹಾಕುವ ಮೊದಲು ಒಂದು ಸೌಟು ಸಾರು ಅವಳಿಗೆ ಬೇರೆ ತೆಗೆದಿಡಲು ಎರಡು ನಿಮಿಷ ಸಾಕು. ಎಲ್ಲರ ತಟ್ಟೆ ನೋಡಿ ಬಡಿಸುವ ಹೆಂಗಸಿನ ತಟ್ಟೆಯನ್ನೂ ಒಬ್ಬರು ನೋಡಲಿ.