ಹೊಸ ಗಣಕಯಂತ್ರ ಖರೀದಿಗೆ ಮುನ್ನ



ಬಾಪೂಜಿ ಸೇವಾ ಕೇಂದ್ರಕ್ಕೆ ಪಹಣಿಗಾಗಿ ಬಂದವರು, ಗಣಕಯಂತ್ರ ನಿಧಾನವೆಂಬ ಕಾರಣಕ್ಕೆ ಕಾದು ಕುಳಿತರೆ ಅವರ ಅರ್ಧ ದಿನದ ದುಡಿಮೆ ನಷ್ಟವಾಗುತ್ತದೆ. ಹಾಗೆಂದು ಹೊಸ ಯಂತ್ರದ ಖರೀದಿಗೆ ನಿರ್ಣಯ ಅಂಗೀಕರಿಸುವ ಮುನ್ನ ಎರಡು ಭಾಗಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಮೊದಲನೆಯದು ರ‍್ಯಾಮ್. ಇದು ಕೆಲಸದ ಮೇಜಿದ್ದಂತೆ. ಚಿಕ್ಕದಾದರೆ ಕಡತಗಳನ್ನು ಪದೇ ಪದೇ ಕಪಾಟಿನಲ್ಲಿಟ್ಟು ತೆಗೆಯಬೇಕಾಗುತ್ತದೆ. 4 ಜಿಬಿ ಇದ್ದರೆ 8 ಜಿಬಿಗೆ ಏರಿಸುವುದು ಉಚಿತ. ಎರಡನೆಯದು ಆ ಕಪಾಟು, ಅಂದರೆ ಹಾರ್ಡ್ ಡಿಸ್ಕ್. ಅದರ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದಕ್ಕಿಂತ ಹಲವು ಪಟ್ಟು ವೇಗವಾಗಿ ಮಾಹಿತಿಯನ್ನು ಒದಗಿಸುತ್ತದೆ.

ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಅಳತೆಯ ರ‍್ಯಾಮ್ ಇರುತ್ತದೆ. ಡಿಡಿಆರ್3 ಇರುವಲ್ಲಿ ಡಿಡಿಆರ್4 ಕೂರದು. ಆದ್ದರಿಂದ ಯಂತ್ರದ ಮಾದರಿ ಸಂಖ್ಯೆಯನ್ನು ನಮೂದಿಸಿಯೇ ದರಪಟ್ಟಿ ಆಹ್ವಾನಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಕ್ಕೆ ವೆಚ್ಚ ಮಾಡುವ ಮುನ್ನ ಯೋಚಿಸಬೇಕು. ಅಂತರ್ಜಾಲದ ಅಡಚಣೆಯೂ ಇದರಿಂದ ನೀಗದು.

ಕಡೆಯದಾಗಿ, ದಾಖಲೆಗಳ ನಕಲು ತೆಗೆದಿಟ್ಟ ನಂತರವೇ ಡಿಸ್ಕ್ ಬದಲಿಸಬೇಕು. ತೆಗೆದ ಡಿಸ್ಕ್ ದುರಸ್ತಿ ಅಂಗಡಿಯ ಪಾಲಾಗಕೂಡದು. ಅದರಲ್ಲಿ ಗ್ರಾಮಸ್ಥರ ಆಧಾರ್ ಹಾಗೂ ಬ್ಯಾಂಕ್ ಪಾಸ್‌ಬುಕ್ ಪ್ರತಿಗಳು ಇರಬಹುದು. ಅಳಿಸಿದ ಕಡತಗಳನ್ನೂ ಅನೇಕ ಬಾರಿ ಮರಳಿ ಪಡೆಯಲು ಸಾಧ್ಯ. ಅದನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ ಬೀರುವಿನಲ್ಲಿ ಭದ್ರಪಡಿಸಬೇಕೆಂಬ ಷರತ್ತನ್ನು ನಿರ್ಣಯದಲ್ಲಿಯೇ ಸೇರಿಸಲು ವಿನಂತಿಸುತ್ತೇನೆ.