ಪುಣ್ಯಾಶ್ರಮ, ಮಗ್ಗದ ಮನೆ ಮತ್ತು ಶಾಲೆ

ಹಿರಿಯರ ನಡೆನುಡಿ, ಕಸುಬು, ನಂಬಿಕೆಗಳನ್ನು ಕಿರಿಯರಿಗೆ ದಾಟಿಸಲು ಸಮಾಜ ಮಾಡಿಕೊಂಡ ಏರ್ಪಾಡೇ ಶಿಕ್ಷಣ. ಫ್ರಾನ್ಸಿನ ಎಮಿಲ್ ದುರ್ಖೈಮ್ (1858–1917) ಅದನ್ನು ಎಳೆಯರ ಸಾಮಾಜೀಕರಣ ಎಂದರು. ಅದೇ ದೇಶದ ಪಿಯರೆ ಬೋರ್ಡಿಯು (1930–2002) ಅದರ ಕಹಿ ಮುಖವನ್ನು ತೋರಿಸಿದರು: ಓದಿದ ಮನೆತನದ ಮಗು ಭಾಷೆ, ಅಭಿರುಚಿಗಳ ಬಂಡವಾಳವನ್ನು ಮನೆಯಿಂದಲೇ ತರುತ್ತದೆ, ಶಾಲೆ ಅದನ್ನು ಪ್ರತಿಭೆಯೆಂದು ಎಣಿಸಿ ಅಂಕ ಕೊಡುತ್ತದೆ.

ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಎರಡೂ ಮಾತುಗಳನ್ನು ಒರೆಗೆ ಹಚ್ಚುತ್ತದೆ. ಹುಟ್ಟಿನಿಂದಲೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ ಮತ್ತು ಬಡ ಮಕ್ಕಳಿಗಾಗಿ ಕಟ್ಟಿದ ಗುರುಕುಲವಿದು. ಆ ಕಾಲದ ಹಳ್ಳಿಗಳಲ್ಲಿ ಕಣ್ಣಿಲ್ಲದ ಮಗುವಿಗೆ ಹೊಲದ ಕೆಲಸವೂ ಸಿಗುತ್ತಿರಲಿಲ್ಲ, ಅಕ್ಷರವೂ ದಕ್ಕುತ್ತಿರಲಿಲ್ಲ. ಹಿಂದೂಸ್ತಾನಿ ಸಂಗೀತದ ಘರಾಣೆಗಳಲ್ಲಿ ವಿದ್ಯೆ ಬಹುಮಟ್ಟಿಗೆ ರಕ್ತಸಂಬಂಧದೊಳಗೇ ಉಳಿಯುತ್ತಿತ್ತು. ಆಶ್ರಮ ಆ ವಿದ್ಯೆಯನ್ನು ಮನೆತನದ ಹಿಡಿತದಿಂದ ಬಿಡಿಸಿ ದಾಸೋಹದ ಪಂಕ್ತಿಗೆ ತಂದಿತು. ಅಂಥ ಕಲಿಕೆಯಲ್ಲಿ ಕಿವಿಯೇ ಪುಸ್ತಕ. ಗುರು ಹಾಡಿದ್ದನ್ನು ಶಿಷ್ಯ ಮತ್ತೆ ಮತ್ತೆ ಹಾಡಬೇಕು. ತಾಳವನ್ನು ತೊಡೆಯ ಮೇಲೆ ಎಣಿಸಬೇಕು. ಹಾರ್ಮೋನಿಯಂ ಮೇಲೆ ಬೆರಳೇ ದಾರಿ ಹುಡುಕಿಕೊಳ್ಳಬೇಕು. ಭಕ್ತರ ದಾನ ಮತ್ತು ಆಶ್ರಮದ್ದೇ ನಾಟಕ ಕಂಪನಿಯ ಗಳಿಕೆ ಒಲೆ ಉರಿಸಿದವು.

ಸ್ಥಾಪಕರ ಕಾಲಾನಂತರವೂ ನಡೆದಾಗಲೇ ಸಂಸ್ಥೆಗೆ ಆ ಹೆಸರು ಸಲ್ಲುತ್ತದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ, ತಾವೂ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010) ಆಶ್ರಮವನ್ನು ದಶಕಗಳ ಕಾಲ ಮುನ್ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಹಿಂದೂಸ್ತಾನಿ ಗಾಯಕರಾದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಬಳಿ ಕಲಿತರೆ, ಬಳ್ಳಾರಿ ಸೀಮೆಯ ಜಾನಪದ ಕಲಾವಿದರ ಮಗ, ಗಾಯಕ ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತರು. ಬೋರ್ಡಿಯು ತೋರಿಸಿದ ಮನೆತನದ ಬಂಡವಾಳದ ಸರಪಳಿ ಗದಗಿನಲ್ಲಿ ಒಂದು ಕೊಂಡಿಯಲ್ಲಾದರೂ ಕಳಚಿತು.

ಗದಗಿಗೆ ಹೊಂದಿಕೊಂಡ ಬೆಟಗೇರಿಯ ನೇಕಾರರ ಮನೆಗಳಲ್ಲಿ ಕಲಿಕೆಯದು ಬೇರೆ ಬಗೆ. ಕಂಡಿಕೆ ಸುತ್ತುತ್ತ ಬೆಳೆದ ಮಗು ಎಳೆ ಎಣಿಸುವುದನ್ನೂ ಬಣ್ಣ ಕೂಡಿಸುವುದನ್ನೂ ಮಗ್ಗದ ಪಕ್ಕದಲ್ಲೇ ಅರಿಯುತ್ತದೆ. ಅದೂ ಗಣಿತವೇ, ಆದರೆ ಪರೀಕ್ಷೆಯಲ್ಲಿ ಅದಕ್ಕೆ ಲೆಕ್ಕವಿಲ್ಲ.

ಗದಗ ಜಿಲ್ಲೆಯದೇ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಮಳೆಯಾಶ್ರಿತ ಹಳ್ಳಿ, ತಾಂಡಾಗಳಲ್ಲಿ ಶಾಲೆಗೆ ಎದುರಾಗುವುದು ಗುಳೆ. ಹಿಂಗಾರಿ ಸುಗ್ಗಿ ಮುಗಿದು ಕೆಲಸ ತೀರಿದರೆ ಕೂಲಿ ಕುಟುಂಬಗಳು ಗೋವಾ, ಮಂಗಳೂರಿನ ಕಡೆ ಹೊರಡುತ್ತವೆ. ವಾರ್ಷಿಕ ಪರೀಕ್ಷೆಯೂ ಅದೇ ಹೊತ್ತಿಗೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳಿಗೆ ಕಲಿಕೆಯನ್ನು ಹಕ್ಕಾಗಿಸಿತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಊರಲ್ಲಿಲ್ಲದ ಮಗುವಿಗೆ ಆ ಹಕ್ಕು ಮುಟ್ಟಬೇಕಾದರೆ, ಗುಳೆಯ ತಿಂಗಳುಗಳಲ್ಲಿ ಆ ಮಗು ಊರಲ್ಲೇ ಉಂಡು, ಮಲಗಿ, ಓದುವ ವ್ಯವಸ್ಥೆಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹಾಗೂ ಗ್ರಾಮ ಪಂಚಾಯಿತಿಗಳು ಮುಂದೆ ನಿಂತು ಮಾಡಿಸಬೇಕು.