ನಿದಾನವೂ ನಿಧಾನವೂ

ಒಂದು ಮಹಾಪ್ರಾಣದಿಂದ ಬೇರೆಯಾಗುವ ಎರಡು ಮಾತುಗಳು ನಮ್ಮಲ್ಲಿವೆ. ಅಲ್ಪಪ್ರಾಣದ ದಕಾರ ಬರೆದರೆ ‘ನಿದಾನ’; ಮೂಲಕಾರಣ, ಅದರಲ್ಲೂ ರೋಗದ ಮೂಲವನ್ನು ಗೊತ್ತುಮಾಡುವುದು ಎಂದು ಅರ್ಥ. ಆಯುರ್ವೇದದ ‘ಮಾಧವನಿದಾನ’ ಎಂಬ ಗ್ರಂಥದ ಹೆಸರಿನಲ್ಲಿರುವುದು ಈ ಮಾತೇ. ಮಹಾಪ್ರಾಣದ ಧಕಾರ ಬರೆದರೆ ‘ನಿಧಾನ’. ಕನ್ನಡದ ಬಳಕೆಯಲ್ಲಿ ಅವಸರವಿಲ್ಲದಿರುವುದು. ಹುಡುಗರ ಉತ್ತರಪತ್ರಿಕೆಗಳಲ್ಲಿ ಒಂದರ ಬದಲು ಇನ್ನೊಂದು ಬಂದಾಗಲೆಲ್ಲ ಕೆಂಪು ಶಾಯಿಯಿಂದ ತಿದ್ದುತ್ತ ಬಂದವನು ನಾನು. ಆದರೆ ಇವೆರಡೂ ಎಷ್ಟು ಹತ್ತಿರದ ನಂಟರೆಂಬುದನ್ನು ನನಗೆ ಕಲಿಸಿದ್ದು ಯಾವ ನಿಘಂಟೂ ಅಲ್ಲ, ಒಂದು ಮೋಟಾರು ಕಾರು.

ಕೆಲವು ವರ್ಷಗಳ ಹಿಂದಿನ ಮಾತು. ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ನಮ್ಮ ಅಕ್ಕನನ್ನು ಕರೆದುಕೊಂಡು ಮಡಿಕೇರಿಗೆ ಹಿಂದಿರುಗುತ್ತಿದ್ದೆ. ಜುಲೈ ತಿಂಗಳು. ಸಂಪಾಜೆ ದಾಟಿ ಘಾಟಿ ಹತ್ತುವಾಗ ಮಳೆಯ ಜೊತೆಗೆ ಮಂಜೂ ಕವಿಯಿತು. ನನ್ನದು ಕಾರ್ಬ್ಯುರೇಟರ್ ಕಾಲದ ಹಳೆಯ ಪೆಟ್ರೋಲ್ ಕಾರು. ಜೋಡುಪಾಲ ಕಳೆದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತೆಂದು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂಜಿನ್ನು ಎರಡು ಸಲ ಬಿಕ್ಕಿತು, ಮೈ ನಡುಗಿಸಿತು, ನಿಂತುಬಿಟ್ಟಿತು. ಬ್ರೇಕು ಒತ್ತಿದರೆ ಪೆಡಲು ಕಲ್ಲಿನಂತೆ ಗಟ್ಟಿ. ಕಾರು ಒಂದು ಮಾರಿನಷ್ಟು ಹಿಂದಕ್ಕೆ ಜಾರಿತು. ಹಿಂದೆ ಲಾರಿಯಿದೆಯೋ, ಕೊರಕಲಿದೆಯೋ ಮಂಜಿನಲ್ಲಿ ಕಾಣಿಸದು. ಬ್ರೇಕಿನ ಮೇಲೆ ಮೈಭಾರವನ್ನೆಲ್ಲ ಹಾಕಿ, ಕೈಬ್ರೇಕನ್ನು ಎಳೆದು ಹಿಡಿದೆ. ಬಸ್ಸಿನ ನಿರ್ವಾಹಕರು ಇಳಿದು ಬಂದು ಚಕ್ರದ ಹಿಂದೆ ಕಲ್ಲು ಕೊಡದಿದ್ದರೆ ಆ ದಿನ ಏನಾಗುತ್ತಿತ್ತೋ ಹೇಳಲಾರೆ.

ಇದು ಮುನ್ಸೂಚನೆಯಿಲ್ಲದೆ ಬಂದ ಕಾಯಿಲೆಯಲ್ಲ. ಒಂದು ತಿಂಗಳಿಂದಲೂ ಎಂಜಿನ್ನು ನಿಂತಲ್ಲಿ ನಡುಗುತ್ತಿತ್ತು. ಕಾಲು ಎತ್ತಿದರೆ ಆರುತ್ತಿತ್ತು. ವರ್ಕ್‌ಷಾಪಿಗೆ ಒಯ್ದಾಗ ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರು. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಮೂರನೆಯ ಸಲ ಪೆಟ್ರೋಲ್ ಪಂಪನ್ನೇ ಹೊಸದು ಹಾಕಿದರು. ಕೊನೆಗೆ ಐಡ್ಲಿಂಗ್ ತಿರುಪನ್ನು ತುಸು ತಿರುಗಿಸಿ ವೇಗ ಹೆಚ್ಚಿಸಿಕೊಟ್ಟರು. ನಡುಕ ಅಡಗಿದಂತಾಯಿತು; ನಾನೂ ಸಂತೋಷದಿಂದ ಹಣ ತೆತ್ತು ಬಂದೆ. ಅದು ಜ್ವರದ ಮೂಲ ತಿಳಿಯದೆ ತಲೆಗೆ ತಣ್ಣೀರು ಬಟ್ಟೆ ಹಾಕಿದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯಂತೆ ಮೂರು ಎಮ್ಮೆಗಳಿಗೆ ಬರೆ ಬಿದ್ದಿತ್ತು. ಎತ್ತು ಹಾಗೆಯೇ ಇತ್ತು.

ತಪ್ಪು ಅವರದೊಂದೇ ಅಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಯಂತ್ರ ಬದುಕುವ ಬಗೆಯನ್ನು ನೋಡೋಣ.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನಿನ ಕ್ರಮವೇ ಇಂದಿಗೂ ನಮ್ಮ ಪೆಟ್ರೋಲ್ ಕಾರುಗಳದ್ದು. ಹೀರು, ಅದುಮು, ಉರಿ, ಉಗುಳು: ಇಷ್ಟೇ ಅದರ ದಿನಚರಿ. ಹೀರುವುದು ಗಾಳಿ ಮತ್ತು ಪೆಟ್ರೋಲುಗಳ ಮಿಶ್ರಣವನ್ನು. ಅದುಮಿದ ಮೇಲೆ ಹೊತ್ತಿಸುವುದು ವಿದ್ಯುತ್ತಿನ ಕಿಡಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರು ಪೆಟ್ರೋಲು ಪೂರ್ತಿ ಉರಿಯಲು ಸುಮಾರು 9,000 ಲೀಟರು ಗಾಳಿ ಬೇಕೆಂದರೆ ನಂಬುವುದು ಕಷ್ಟ. ನಾವು ದುಡ್ಡು ಕೊಟ್ಟು ಕೊಳ್ಳುವುದು ಪೆಟ್ರೋಲನ್ನು ಮಾತ್ರವಾದ್ದರಿಂದ ಗಾಳಿಯನ್ನು ಯಾರೂ ನೆನೆಯುವುದಿಲ್ಲ. ಅದರಲ್ಲೂ ಮಡಿಕೇರಿಯಂಥ ಊರಿನಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಗಾಳಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತೆಳು. ಮಂಗಳೂರಿನಲ್ಲಿ ಹದಮಾಡಿದ ಕಾರ್ಬ್ಯುರೇಟರ್ ಇಲ್ಲಿಗೆ ಬಂದಾಗ ಪೆಟ್ರೋಲು ಹೆಚ್ಚಾಗಿ, ಪ್ಲಗ್ಗಿಗೆ ಮಸಿ ಹಿಡಿಯುವುದು ಇದರಿಂದಲೇ.

ಹೀಗೆ ಎಂಜಿನ್ನು ತೊದಲುವುದಕ್ಕೆ ಕಾರಣ ಗಾಳಿಯಲ್ಲಿರಬೇಕು, ಪೆಟ್ರೋಲಿನಲ್ಲಿರಬೇಕು, ಕಿಡಿಯಲ್ಲಿರಬೇಕು. ಇಲ್ಲವೇ ಅದುಮುವ ಶಕ್ತಿ ಕುಂದಿರಬೇಕು. ಯಾವುದರಲ್ಲಿ ಎಂಬುದನ್ನು ಬಿಡಿಭಾಗ ಕೊಳ್ಳುವ ಮೊದಲೇ ಬಹುಮಟ್ಟಿಗೆ ಊಹಿಸಬಹುದು. ಆಯುರ್ವೇದದವರು ರೋಗವನ್ನು ತಿಳಿಯಲು ಐದು ದಾರಿಗಳನ್ನು ಹೇಳುತ್ತಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಎಂದರೆ ಕಾರಣ, ಮುನ್ಸೂಚನೆ, ಲಕ್ಷಣ, ಯಾವುದರಿಂದ ಶಮನವಾಗುತ್ತದೆಂಬ ಪರೀಕ್ಷೆ, ಮತ್ತು ರೋಗ ಬೆಳೆದುಬಂದ ಬಗೆ. ಮೋಟಾರಿಗೂ ಇವು ಹೊಂದುತ್ತವೆ.

ಲಕ್ಷಣಗಳಲ್ಲಿ ಮೊದಲನೆಯದು ಸದ್ದು. ಭಾಮಿನಿ ಷಟ್ಪದಿಯನ್ನು ಓದುವಾಗ ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ನಡೆಯುತ್ತವೆ. ಒಂದು ಮಾತ್ರೆ ತಪ್ಪಿದರೂ ಪಳಗಿದ ಕಿವಿಗೆ ಎಡವಿದಂತಾಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ 1,600 ಸಲ ಉರಿ ಹೊತ್ತುತ್ತದೆ. ನಾಲ್ಕರಲ್ಲಿ ಒಂದು ಹೊಡೆತ ಮಾತ್ರ ತಪ್ಪದೆ ಲೆಕ್ಕದಂತೆ ತಪ್ಪುತ್ತಿದ್ದರೆ ದೋಷ ಒಂದೇ ಸಿಲಿಂಡರಿನದು: ಅದರ ಪ್ಲಗ್ಗು, ಅದರ ತಂತಿ, ಅದರ ವಾಲ್ವು. ಮೆಕ್ಯಾನಿಕ್ಕುಗಳು ‘ಮಿಸ್ಸಿಂಗ್ ಹೊಡೆಯುತ್ತದೆ’ ಎನ್ನುವುದು ಇದನ್ನೇ. ತಪ್ಪುವುದಕ್ಕೆ ಕ್ರಮವೇ ಇಲ್ಲದೆ ಇಡೀ ಎಂಜಿನ್ನು ಕುಂಟುತ್ತಿದ್ದರೆ ನಾಲ್ಕಕ್ಕೂ ಸಮಾನವಾದ ಗಾಳಿಯನ್ನೋ ಪೆಟ್ರೋಲನ್ನೋ ಮೊದಲು ಸಂದೇಹಿಸಬೇಕು.

ಎರಡನೆಯದು, ಯಾವಾಗ ಎಂಬ ಪ್ರಶ್ನೆ. ಏರಿನಲ್ಲಿ ಒತ್ತಿದಷ್ಟೂ ಎಂಜಿನ್ನು ಸೋಲುತ್ತಿದ್ದರೆ ಪೆಟ್ರೋಲು ಸಾಲದೆಂದು ತಿಳಿಯಬೇಕು: ಫಿಲ್ಟರು ಕಟ್ಟಿರಬಹುದು, ಪಂಪು ಸೋತಿರಬಹುದು. ಸ್ವಲ್ಪ ದೂರ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಸೆಳೆದ ಸದ್ದಾಗಿ, ಆಮೇಲೆ ಸಲೀಸಾಗಿ ಹೊರಟರೆ ಟ್ಯಾಂಕು ಉಸಿರಾಡುವ ರಂಧ್ರವೇ ಮುಚ್ಚಿರಬಹುದು. ಕಾದಾಗ ನಿಂತು, ಅರ್ಧ ಗಂಟೆ ಆರಿದ ಮೇಲೆ ಏನೂ ಆಗದಂತೆ ಹೊರಟರೆ ಹಳೆಯ ಕಾರಿನಲ್ಲಿ ಇಗ್ನಿಷನ್ ಕಾಯಿಲನ್ನೂ, ಹೊಸತರಲ್ಲಿ ಕ್ರ್ಯಾಂಕ್ ಸೆನ್ಸರನ್ನೂ ನೋಡಬೇಕು. ಮಳೆಯ ದಿನ ಮಾತ್ರ ಕಾಯಿಲೆಯಾದರೆ ತಂತಿಗಳಿಗೆ, ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ಹಿಡಿದಿದೆ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಡದ ಕೊಡಗಿನಲ್ಲಿ, ಬೆಳಗ್ಗೆ ಹಳೆಯ ಜೀಪಿನ ಬಾನೆಟ್ಟು ತೆರೆದು ಒಣಬಟ್ಟೆಯಿಂದ ಡಿಸ್ಟ್ರಿಬ್ಯೂಟರನ್ನು ಒರೆಸುವ ಪಾಠ ತೋಟದ ಡ್ರೈವರುಗಳಿಗೆ ಹೊಸದಲ್ಲ.

ಪ್ಲಗ್ಗಿನ ಬಣ್ಣವೂ ನಾಲಿಗೆಯ ಬಣ್ಣದಂತೆ ಮಾತಾಡುತ್ತದೆ. ತುದಿ ತಿಳಿಗಂದಾಗಿದ್ದರೆ ಆರೋಗ್ಯ. ಒಣಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಬೆಂದಿದ್ದರೆ ಗಾಳಿ ಹೆಚ್ಚು. ಎಣ್ಣೆಯಿಂದ ತೊಯ್ದಿದ್ದರೆ ಒಳಗಿನ ಸವೆತ. ಆದರೆ ಓಡುತ್ತಿರುವ ಎಂಜಿನ್ನಿನ ಪ್ಲಗ್ಗಿನ ತಂತಿಯನ್ನು ಕೈಯಿಂದ ಕೀಳುವ ಸಾಹಸ ಮಾತ್ರ ಬೇಡ. ಅಲ್ಲಿ ಹರಿಯುವುದು ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತು.

ಇನ್ನು ನನ್ನ ಕಾರಿನ ಕಥೆಗೆ ಬರೋಣ. ಬಸ್ಸು ಹೋದ ಮೇಲೆ ಕಾರು ಮತ್ತೆ ಹೊರಟಿತು. ಎಂಜಿನ್ನು ಆರದಂತೆ ಮೆಲ್ಲಮೆಲ್ಲನೆ ಮದೆನಾಡು ತಲುಪಿದೆವು. ಅಕ್ಕ ಮುಂದಿನ ಸೀಟಿನಲ್ಲಿದ್ದಳು. ಒಂದು ಕಣ್ಣಿಗೆ ಕಟ್ಟು, ಇನ್ನೊಂದು ಮೊದಲೇ ಮಂದ. ದಾರಿಯುದ್ದಕ್ಕೂ ಸುಮ್ಮನಿದ್ದವಳು, “ತಮ್ಮಾ, ನೀನು ನಿಧಾನ ಮಾಡಿದಾಗಲೆಲ್ಲ ಎದುರಿಗೆ ಬುಸ್ಸೆಂದು ಕೇಳ್ತದಲ್ಲ, ಹಾವುಗೀವು ಸೇರಿಕೊಂಡಿದೆಯಾ?” ಎಂದಳು. ಕಣ್ಣಿದ್ದ ನನಗೆ ತಿಂಗಳಿಂದ ಕೇಳದ ಸದ್ದು ಅವಳಿಗೆ ಒಂದು ಗಳಿಗೆಯಲ್ಲಿ ಕೇಳಿಸಿತ್ತು.

ಮರುದಿನ ಬೇರೊಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದೆ. ಆತ ಸ್ಪಾನರು ಮುಟ್ಟಲಿಲ್ಲ. “ನಿಂತಾಗ ಮಾತ್ರವೋ, ಓಡುವಾಗಲೂ ಉಂಟೋ? ಮಾಷ್ಟ್ರೇ, ಬೇರೆ ಏನಾದರೂ ವ್ಯತ್ಯಾಸ ಕಂಡಿದೆಯಾ?” ಎಂದು ಕೇಳಿದ. ಅಕ್ಕನ ಹಾವಿನ ವಿಚಾರ ಹೇಳಿದೆ. ಆಗ ನೆನಪಾಯಿತು: ಅದೇ ತಿಂಗಳಿಂದ ಬ್ರೇಕೂ ಸ್ವಲ್ಪ ಗಟ್ಟಿಯಾಗಿತ್ತು. ನಿಲ್ಲುವುದು ಎಂಜಿನ್ನು, ಗಟ್ಟಿಯಾಗಿದ್ದು ಬ್ರೇಕು. ಒಂದಕ್ಕೊಂದು ಏನು ಸಂಬಂಧವೆಂದು ಮೊದಲಿನವರಿಗೆ ನಾನು ಹೇಳಿಯೇ ಇರಲಿಲ್ಲ. ನನ್ನ ತಪ್ಪು ಇದು.

ಆತ ಬಾನೆಟ್ಟು ತೆರೆದು, ಎಂಜಿನ್ನು ನಡೆಯುತ್ತಿದ್ದಂತೆ, ಅದರಿಂದ ಬ್ರೇಕಿನ ಬೂಸ್ಟರಿಗೆ ಹೋಗುವ ದಪ್ಪ ರಬ್ಬರಿನ ಹೋಸ್ ಪೈಪನ್ನು ಎಂಜಿನ್ನಿನ ಬದಿಯಲ್ಲಿ ಇಕ್ಕಳದಿಂದ ಮೆಲ್ಲನೆ ಹಿಸುಕಿದ. ನಡುಕ ಆ ಕ್ಷಣವೇ ನಿಂತಿತು. ಬಿಟ್ಟ, ಮತ್ತೆ ನಡುಗಿತು. ಗ್ರಂಥದಲ್ಲಿ ಓದಿದ್ದ ‘ಉಪಶಯ’ವನ್ನು ಅಂದು ಕಣ್ಣಾರೆ ಕಂಡೆ. ಪೈಪಿನ ಅಡಿಬದಿಯಲ್ಲಿ ಬೆರಳಗಲದ ಸೀಳಿತ್ತು.

ಸಂಪ್ರಾಪ್ತಿ ಹೀಗೆ. ಎಂಜಿನ್ನಿನ ಹೀರುವ ಬಲವನ್ನೇ ಎರವಲು ಪಡೆದು ಬೂಸ್ಟರು ನಮ್ಮ ಕಾಲಿಗೆ ನೆರವಾಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಗಾಳಿಯ ಬಾಗಿಲು ಮುಚ್ಚಿ, ಆ ಹೀರುವ ಬಲ ಅತ್ಯಂತ ಹೆಚ್ಚಾಗಿರುತ್ತದೆ. ಆಗ ಸೀಳಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಉರಿ ಆರುತ್ತಿತ್ತು. ಕಾಲು ಒತ್ತಿದಾಗ ಹೇಗೂ ಬೇಕಾದಷ್ಟು ಗಾಳಿ ಹೋಗುವುದರಿಂದ ಸೀಳಿನ ಪಾಲು ಎದ್ದು ಕಾಣುತ್ತಿರಲಿಲ್ಲ. ಎಂಜಿನ್ನು ನಿಂತ ಮೇಲೂ ಒಂದೆರಡು ಸಲ ಬ್ರೇಕು ಒತ್ತುವಷ್ಟು ನೆರವು ಬೂಸ್ಟರಿನಲ್ಲಿ ಉಳಿಯಬೇಕು. ಸೀಳು ಬೂಸ್ಟರಿನ ಬದಿಯಲ್ಲೇ ಇದ್ದುದರಿಂದ ನನಗೆ ಅದೂ ಉಳಿದಿರಲಿಲ್ಲ. ಎಂಜಿನ್ನನ್ನು ನಿಲ್ಲಿಸಿದ ಸೀಳೇ ಬ್ರೇಕನ್ನೂ ಕಿತ್ತುಕೊಂಡಿತ್ತು. ಅದಕ್ಕೆ ಪರಿಹಾರ ಮೊಳದುದ್ದದ ಒಂದು ಪೈಪು. ಮೊದಲು ಬದಲಾಯಿಸಿದ ಪಂಪಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಸೆನ್ಸರುಗಳ ಮಾತು ಕೇಳಿ ಕಂಪ್ಯೂಟರು ಪೆಟ್ರೋಲನ್ನು ಅಳೆದು ಕೊಡುತ್ತದೆ. ತೊಂದರೆಯಾದಾಗ ದೀಪ ಹೊತ್ತುತ್ತದೆ, ಯಂತ್ರ ಹಚ್ಚಿದರೆ ಒಂದು ಸಂಕೇತವನ್ನೂ ಹೇಳುತ್ತದೆ. ಹಾಗಾದರೆ ನಿದಾನದ ಕೆಲಸ ಮುಗಿಯಿತೇ? ಇಲ್ಲ. ‘ಪಿ 0171’ ಎಂಬ ಸಂಕೇತ ಮಿಶ್ರಣ ತೆಳುವಾಗಿದೆ ಎಂದಷ್ಟೇ ಹೇಳುತ್ತದೆ. ಏಕೆ ಎಂದು ಹೇಳುವುದಿಲ್ಲ. ಸುದ್ದಿ ತಂದ ಆಕ್ಸಿಜನ್ ಸೆನ್ಸರನ್ನು ಕಿತ್ತು ಹೊಸದು ಹಾಕಿ, ಇಲಿ ಕಡಿದ ಪೈಪನ್ನು ಹಾಗೆಯೇ ಬಿಡುವುದು ಹಳೆಯ ಎಮ್ಮೆಗೆ ಹೊಸ ಬರೆ. ದೀಪ ಮಿಣುಕತೊಡಗಿದರಂತೂ ಒತ್ತಿ ಓಡಿಸಬಾರದು; ಉರಿಯದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ಬೆಲೆಬಾಳುವ ಕನ್ವರ್ಟರನ್ನು ಸುಡುತ್ತದೆ.

ಪೆಟ್ರೋಲೂ ಮೊದಲಿನದಲ್ಲ. 2022ರಲ್ಲಿ ನೂರಕ್ಕೆ 10ರಷ್ಟಾದ ಎಥನಾಲ್ ಬೆರಕೆ 2025ರಲ್ಲಿ 20ನ್ನು ಮುಟ್ಟಿತು. ಎಥನಾಲಿಗೆ ನೀರೆಂದರೆ ಪ್ರೀತಿ. ನೀರು ಮಿತಿಮೀರಿದರೆ ಅದನ್ನು ಕೂಡಿಕೊಂಡು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲವೆಲ್ಲ ಮುಕ್ಕಾಲು ಬರಿದಾದ ಟ್ಯಾಂಕಿನೊಂದಿಗೆ ಕೊಟ್ಟಿಗೆಯಲ್ಲಿ ನಿಂತ ಕಾರು ಹೊರಡುವಾಗ ಬಿಕ್ಕಿದರೆ ಇದನ್ನೂ ನೆನೆಯಬೇಕು.

ಘಾಟಿಯಲ್ಲಿ ಎಂಜಿನ್ನು ನಿಂತರೆ ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಬೇಕು; ಕೈಬ್ರೇಕು ಎಳೆಯಬೇಕು; ಗೇರಿನಲ್ಲಿ ನಿಲ್ಲಿಸಬೇಕು. ಕಾರು ಉರುಳುತ್ತಿರುವಾಗ ಕೀಲಿ ಕೀಳಬಾರದು, ಸ್ಟೀರಿಂಗ್ ಬಿಗಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ಒಳ್ಳೆಯ ಅಟ್ಟೆ ಕಾರಿನಲ್ಲೇ ಇರಲಿ.

ವರ್ಕ್‌ಷಾಪಿಗೆ ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳಿ: ಎಂದಿನಿಂದ, ತಣ್ಣಗಿದ್ದಾಗಲೋ ಕಾದಾಗಲೋ, ನಿಂತಾಗಲೋ ಏರಿನಲ್ಲೋ, ಬಿಸಿಲಿನಲ್ಲೋ ಮಳೆಯಲ್ಲೋ; ಜೊತೆಗೆ ಸಂಬಂಧವಿಲ್ಲವೆಂದು ನಮಗೆ ತೋರುವ ಸಣ್ಣಪುಟ್ಟ ವ್ಯತ್ಯಾಸಗಳನ್ನೂ ಬಿಡದೆ ಬರೆಯಿರಿ. ಏನನ್ನಾದರೂ ಬದಲಾಯಿಸಬೇಕೆಂದಾಗ, “ಇದೇ ಎಂದು ಹೇಗೆ ಗೊತ್ತಾಯಿತು?” ಎಂದು ವಿನಯದಿಂದ ಕೇಳಿ. ಬಲ್ಲವರು ಆ ಪ್ರಶ್ನೆಗೆ ಬೇಸರಿಸುವುದಿಲ್ಲ. ನಿದಾನಕ್ಕೆ ಬೇಕಾದುದು ಸ್ವಲ್ಪ ನಿಧಾನ.

ಅಕ್ಕನ ಕಣ್ಣು ಈಗ ಚೆನ್ನಾಗಿದೆ. ಆದರೆ ನನ್ನ ಕಾರು ಹತ್ತಿದರೆ ಮಾತ್ರ ಇಂದಿಗೂ ಒಂದು ಗಳಿಗೆ ಕಣ್ಣು ಮುಚ್ಚಿ, ಕಿವಿಗೊಟ್ಟು ಕೇಳಿ, ಆಮೇಲೆ “ಹೊರಡು” ಎನ್ನುತ್ತಾಳೆ.